ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ಸ್ಟ್ರೆಚರ್ ಮಾಡೋದು ಕಲಿತಿಟ್ಟುಕೊಳ್ಳಿ

ಎಲ್ಲರಿಗೂ ನಮಸ್ಕಾರ. ಗುಡ್ಡ ಕುಸಿದಾಗ, ಹೊಳೆ ಉಕ್ಕಿದಾಗ ಅಗ್ನಿಶಾಮಕದವರೋ ಎನ್‌ಡಿಆರ್‌ಎಫ್‌ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ನವರೋ ಬರೋಕೆ ಮುಂಚೆ ಓಡಿ ಬರೋದು ಅಕ್ಕಪಕ್ಕದ ಮನೆಯವರೇ. ಅಂಥವರಿಗಾಗಿಯೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ‘ಆಪದ ಮಿತ್ರ’ ಅಂತ 12 ದಿನದ ತರಬೇತಿ ರೂಪಿಸಿದೆ. ನಿಮ್ಮ ಜಿಲ್ಲೆಯಲ್ಲಿ ಶಿಬಿರ ಇದೆಯಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅಲ್ಲಿವರೆಗೆ ಗಾಯಾಳುವನ್ನು ಮಲಗಿಸಿ ಹೊತ್ತೊಯ್ಯೋ ಸ್ಟ್ರೆಚರ್ ಮನೆಯಲ್ಲೇ ಮಾಡೋದು ಕಲಿಯಿರಿ. ಎರಡು ಗಟ್ಟಿ ಬಿದಿರಿನ ಗಳ, ಒಂದು ದೊಡ್ಡ ಕಂಬಳಿ ಸಾಕು. ಕಂಬಳಿ ಹಾಸಿ, ಮೂರರಲ್ಲಿ ಒಂದು ಭಾಗ ಬಿಟ್ಟು ಒಂದು ಗಳ ಇಡಿ, ಆ ಭಾಗವನ್ನು ಗಳದ ಮೇಲೆ ಮಡಚಿ. ಮಡಚಿದ ಅಂಚಿನ ಮೇಲೆ, ಒಳಬದಿಗೆ ಎರಡನೇ ಗಳ ಇಟ್ಟು, ಉಳಿದ ಕಂಬಳಿಯನ್ನು ಅದರ ಮೇಲಿಂದ ಎಳೆದು ಹೊದಿಸಿ. ಗಂಟು ಬೇಡ, ಮಲಗಿದವರ ಭಾರಕ್ಕೇ ಬಟ್ಟೆ ಬಿಗಿಯಾಗುತ್ತೆ. ಹಳೇ ಸೀರೆ ಬೇಡ, ನಡುವೆ ಹರಿದೀತು. ಮೊದಲು ಆರೋಗ್ಯವಾಗಿರೋ ಒಬ್ಬರನ್ನು ಮಲಗಿಸಿ, ನೆಲದಿಂದ ಒಂದು ಗೇಣು ಮಾತ್ರ ಎತ್ತಿ ನೋಡಿ.

ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದೆ ಅನ್ನಿಸಿದರೆ ದಯವಿಟ್ಟು ಅಲುಗಾಡಿಸಬೇಡಿ. ಅಲ್ಲೇ ಇದ್ದರೆ ಜೀವಕ್ಕೇ ಅಪಾಯ ಅನ್ನೋ ಹಾಗಿದ್ದರೆ ಮಾತ್ರ ಎತ್ತಿ. ಒಬ್ಬರು ಆರೈಕೆಗೆ ನಿಂತಾಗಲೇ ಇನ್ನೊಬ್ಬರು 112ಕ್ಕೆ ಕರೆ ಮಾಡಿ, ಹತ್ತಿರದ ಗುರುತು ಹೇಳಿ.