ಹೊಂಗೆ ಡೀಸೆಲ್: ಟ್ರ್ಯಾಕ್ಟರ್‌ಗೂ ಹಾಕಿದೆ, 407 ಲಾರಿಗೂ ಹಾಕಿದೆ

ನಮ್ಮ ಟ್ರ್ಯಾಕ್ಟರ್ ಮೂರು ವರ್ಷದ ಮೇಲಾಯಿತು, ಹೊಂಗೆ ಬಯೋಡೀಸೆಲ್‌ನಲ್ಲಿ ಓಡುತ್ತಿದೆ. ಈ ಯುಗಾದಿ ಮುಂಚೆ ಇಂಜಿನ್‌ಗೆ ಡೀಸೆಲ್ ತಳ್ಳುವ ಪಂಪು, ಚಿಮ್ಮಿಸುವ ನಾಜಲ್ ಎರಡೂ ಬಿಚ್ಚಿಸಿದೆ. ನಾಜಲ್ ತುದಿ ಕ್ಲೀನ್. ಪಂಪಿನೊಳಗಿನ ಪ್ಲಂಜರ್‌ನಲ್ಲಿ ಗೀರಿಲ್ಲ. "ಪಂಪು ಹೋದ್ರೆ ನನ್ನ ಹತ್ರ ತರಬೇಡಿ ಗೌಡ್ರೇ" ಅಂದಿದ್ದ ಪಂಪಿನ ಅಂಗಡಿಯವರೇ ಈಗ ತಮ್ಮ ಹಳೇ ಜೀಪಿಗೆ ಇಪ್ಪತ್ತು ಲೀಟರ್ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅರಸೀಕೆರೆ, ತಿಪಟೂರು ಕಡೆ ಇದನ್ನು ಶುರು ಮಾಡಿ ಕೈಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಅವರು ಕೈಬಿಟ್ಟ ಕಾರಣ ಮೆಷಿನ್ ಅಲ್ಲ, ಬೀಜ.

ಟೈಟ್ರೇಷನ್ ಮಾಡೋದು (ಎಣ್ಣೆಯಲ್ಲಿ ಹುಳಿ ಎಷ್ಟಿದೆ ಅಂತ ಅಳೆಯೋದು, ಅಂಕಿ ಏರಿದಷ್ಟೂ ಎಣ್ಣೆ ಕೆಟ್ಟದ್ದು), ಮೆಥನಾಲ್ ಅನ್ನುವ ಸ್ಪಿರಿಟ್‌ಗೆ ಪೊಟ್ಯಾಶ್ (ಕಾಸ್ಟಿಕ್ ಪೊಟ್ಯಾಶ್, ಗೊಬ್ಬರದ್ದಲ್ಲ) ಕಲಸಿ ಎಣ್ಣೆಗೆ ಸೇರಿಸಿ ಬಯೋಡೀಸೆಲ್ ಮಾಡೋದು ಇದೆಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಪಾರ್ಕಿಗೆ ಹೋಗಿ ಬಂದವರಿಗಂತೂ ಅದು ಬಾಯಿಪಾಠ. ನಾನೂ ಮೊದಲು ನೋಡಿದ್ದು ಅಲ್ಲೇ. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂದ ಮೇಲೆ ನಮ್ಮ ಕಡೆ ಬದುವಿನ ಮೇಲೆ ಹೊಂಗೆ ಸಸಿ ತುಂಬಾ ನೆಟ್ಟರು. ಆ ಗಿಡಗಳು ಈಗ ಕಾಯಿ ಬಿಡುತ್ತಿವೆ. ಎಷ್ಟೋ ಜನ ಕಾಯಿ ಆರಿಸುವುದೂ ಇಲ್ಲ, ಸುಮ್ನೆ ಬಿದ್ದು ಹೋಗುತ್ತಿದೆ. ಅದನ್ನು ನೋಡಿದರೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಮೊದಲ ವರ್ಷ ಮಂಡಿಯಿಂದ ಬೀಜ ತಂದೆ. ಆಗಸ್ಟ್ ಇರಬೇಕು, ಮಳೆ ಹಿಡಿದಿತ್ತು. ಎಕ್ಸ್‌ಪೆಲ್ಲರ್ ಗಾಣದಲ್ಲಿ ಎಣ್ಣೆ ಚೆನ್ನಾಗಿಯೇ ಬಂತು. ಟೈಟ್ರೇಷನ್ ಹದಿನಾಲ್ಕರ ಹತ್ತಿರ ನಿಂತಿತು. ಪೊಟ್ಯಾಶ್ ಜಾಸ್ತಿ ಹಾಕಿದರೆ ಸರಿ ಹೋಗುತ್ತದೆ ಅಂತ ಜೊತೆಗಿದ್ದವರು ಹೇಳಿದರು. ಹಾಕಿದ್ದಾಯಿತು. ಬೆಳಿಗ್ಗೆ ನೋಡಿದರೆ ಇಡೀ ಬ್ಯಾರಲ್ ಸಾಬೂನು. ವಾಲ್ವ್ ತಿರುಗಿಸಿದರೆ ಒಂದು ಹನಿ ಇಳಿಯಲಿಲ್ಲ. ಮೇಲಿನ ಮುಚ್ಚಳ ಕುಯ್ದು ಸಲಿಕೆಯಲ್ಲಿ ತೆಗೆಯಬೇಕಾಯಿತು. ಬೀಜ, ಕೂಲಿ, ಮೆಥನಾಲ್ ಎಲ್ಲಾ ಸೇರಿ ಇಪ್ಪತ್ತು ಸಾವಿರ ನೀರಿಗೆ ಹೋಯಿತು.

ಆಮೇಲೆ ಆಸಿಡ್ ದಾರಿ ಹಿಡಿದೆ. ಮೊದಲು ಸಲ್ಫ್ಯೂರಿಕ್ ಆಸಿಡ್ ಮತ್ತು ಮೆಥನಾಲ್, ಟೈಟ್ರೇಷನ್ ಇಳಿದ ಮೇಲೆ ಪೊಟ್ಯಾಶ್ ಮತ್ತು ಮೆಥನಾಲ್. ಕೆಲಸ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಮೆಥನಾಲ್ ಹತ್ತಿರ ಹತ್ತಿರ ಎರಡು ಪಟ್ಟು. ಆಸಿಡ್ ತಾಗಿ ಎಣ್ಣೆ ಕಲಸುವ ಪಂಪಿನ ಸೀಲ್ ಎರಡು ಸಲ ಹೋಯಿತು. ಕರೆಂಟು, ಸಮಯ ಎರಡೂ ಡಬಲ್. ಲೆಕ್ಕ ಹಾಕಿದರೆ ಲೀಟರಿಗೆ ಬಂಕಿನ ಡೀಸೆಲ್‌ಗಿಂತ ಹತ್ತು ರೂಪಾಯಿ ಮೇಲೆ ಬಿತ್ತು. ಮನೆಯಲ್ಲಿ "ಬಂಕಲ್ಲೇ ಹಾಕಿಸ್ಕೊಂಡು ಬನ್ನಿ, ನಮ್ಗೆ ಈ ವಾಸನೆನಾದ್ರೂ ತಪ್ಪತ್ತೆ" ಅಂದರು.

ದಾರಿ ಸಿಕ್ಕಿದ್ದು ಕಣದಲ್ಲಿ. ಸಂಕ್ರಾಂತಿ ಕಳೆದ ಮೇಲಿಂದ ಮುಂಗಾರಿನ ಮೊದಲ ಹನಿ ಬೀಳುವವರೆಗೆ ಮಾತ್ರ ಕಾಯಿ. ಅದೂ ಮರದಿಂದ ಬಡಿದದ್ದು, ಇಲ್ಲ ಬಿದ್ದ ವಾರದೊಳಗೆ ಆರಿಸಿದ್ದು. ನೆಲದಲ್ಲಿ ಮಳೆ ಕುಡಿದ ಕಾಯಿ ಪುಕ್ಕಟೆ ಕೊಟ್ಟರೂ ಬೇಡ. ಸಿಪ್ಪೆ ಬಿಡಿಸದೆ ಕಾಯಲ್ಲೇ ಇಡುತ್ತೇನೆ. ಗಾಣಕ್ಕೆ ಹಾಕುವ ವಾರ ಮುಂಚೆ ಬಡಿದು ಸಿಪ್ಪೆ ಬಿಡಿಸುತ್ತೇನೆ. ಬೀಜ ಒಡೆದು ನೋಡಿ: ಒಳಗೆ ಕೆನೆ ಬಣ್ಣ ಇದ್ದು, ಹಲ್ಲಿಗೆ ಇಟ್ಟರೆ ಟಕ್ ಅಂತ ಮುರಿಯಬೇಕು. ಕಂದು ತಿರುಗಿ ಮೆತ್ತಗೆ ಬಾಗಿದರೆ ಅದು ಎಣ್ಣೆ ದೀಪಕ್ಕೆ ಸರಿ, ಟ್ರ್ಯಾಕ್ಟರ್‌ಗೆ ಅಲ್ಲ. ಕಾಯನ್ನು ಮಳೆಗಾಲ ಪೂರ್ತಿ ಮುಗ್ಗಲು ಹಿಡಿಯದ ಹಾಗೆ ಹೇಗೆ ಇಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಹೋಗಿದೆ. ಈಗ ನನ್ನ ಎಣ್ಣೆಯ ಟೈಟ್ರೇಷನ್ ಮೂರು, ಮೂರೂವರೆ. ಐದು ದಾಟಿದರೆ ಆ ಎಣ್ಣೆಗೆ ನಾನು ಕೈ ಹಾಕುವುದಿಲ್ಲ. ಆಸಿಡ್ ಕ್ಯಾನು ಮನೆಯಿಂದಲೇ ಆಚೆ ಹೋಯಿತು.

ಸೆಟ್ಟಿಂಗು ದೊಡ್ಡದೇನಲ್ಲ. ಇನ್ನೂರು ಲೀಟರ್ ಬ್ಯಾರಲ್, ತಳ ವೆಲ್ಡಿಂಗ್ ಅಂಗಡಿಯಲ್ಲಿ ಆಲಿಕೆ ಆಕಾರಕ್ಕೆ ಮಾಡಿಸಿದ್ದು. ಗೀಸರ್ ಕಾಯಿಲ್, ಅರ್ಧ ಎಚ್‌ಪಿ ಪಂಪು, ತೊಳೆಯಲು ಇನ್ನೊಂದು ಬ್ಯಾರಲ್. ಎಲ್ಲಾ ಸೇರಿ ಐವತ್ತು ಸಾವಿರದ ಒಳಗೇ ಮುಗಿಯಿತು. ಒಂದು ಸಲಕ್ಕೆ ನೂರು ಲೀಟರ್ ಎಣ್ಣೆ, ಇಪ್ಪತ್ತೆರಡು ಲೀಟರ್ ಮೆಥನಾಲ್, ಪೊಟ್ಯಾಶ್ ಒಂದು ಕೆಜಿ ಚಿಲ್ಲರೆ. ಐವತ್ತೈದರಿಂದ ಅರವತ್ತು ಡಿಗ್ರಿಯೊಳಗೆ. 65ರ ಹತ್ತಿರ ಮೆಥನಾಲ್ ಕುದಿಯುತ್ತದೆ, ಅಲ್ಲಿಗೆ ಬಿಡಲೇಬಾರದು. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೂ ಕಾಣುವುದಿಲ್ಲ, ಹೊಟ್ಟೆಗೆ ಹೋದರೆ ಕಣ್ಣೇ ಹೋಗುತ್ತದೆ. ನನ್ನ ಶೆಡ್ಡಿಗೆ ಗೋಡೆ ಇರುವುದು ಒಂದೇ ಕಡೆ, ಮಕ್ಕಳಿಗೆ ಪ್ರವೇಶ ಇಲ್ಲ.

ಆದ ಬಯೋಡೀಸೆಲನ್ನು ನೀರಲ್ಲಿ ತೊಳೆಯುವಾಗ ಶುರುವಿನಲ್ಲಿ ತುಂಬಾ ಸತಾಯಿಸಿತು. ನೀರು ಹಾಕಿ ಕಲಕಿದರೆ ಎಲ್ಲಾ ಮಜ್ಜಿಗೆ ತರ ಆಗಿಬಿಡುತ್ತಿತ್ತು, ಎರಡು ದಿನ ಆದರೂ ಬೇರೆಯಾಗುತ್ತಿರಲಿಲ್ಲ. ಈಗ ತುಂತುರು ನಾಜಲ್‌ನಲ್ಲಿ ಮೇಲಿನಿಂದ ಇಳಿಸುತ್ತೇನೆ, ಕಲಕುವುದೇ ಇಲ್ಲ. ಹಾಗೂ ಮಜ್ಜಿಗೆ ಕಟ್ಟಿಕೊಂಡರೆ ಅಡುಗೆಮನೆಯ ಒಂದು ಸಾಮಾನು ಹಾಕುತ್ತೇನೆ, ಗಂಟೆಯಲ್ಲಿ ಒಡೆಯುತ್ತದೆ. ಏನು ಅಂತ ಬಲ್ಲವರು ಊಹಿಸಲಿ! ತೊಳೆದ ಮೇಲೆ ಒಣಗಿಸಿ, 3/27 ಪರೀಕ್ಷೆ ಮಾಡದೆ ಟ್ಯಾಂಕಿಗೆ ಹಾಕುವುದಿಲ್ಲ. ಇಪ್ಪತ್ತೇಳು ಎಂಎಲ್ ಮೆಥನಾಲ್‌ಗೆ ಮೂರು ಎಂಎಲ್ ಬಯೋಡೀಸೆಲ್ ಬಿಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಒಂದು ಸಣ್ಣ ಹನಿ ಕೂತರೂ ಎಣ್ಣೆ ಪೂರ್ತಿ ತಿರುಗಿಲ್ಲ ಅಂತ ಅರ್ಥ, ಮತ್ತೆ ಬ್ಯಾರಲ್‌ಗೆ.

ಈಗ ದುಡ್ಡಿನ ವಿಷಯ, ನೆನಪಿನಿಂದ ಹೇಳುತ್ತಿದ್ದೇನೆ. ನೂರು ಲೀಟರ್ ಎಣ್ಣೆಗೆ ಸುಮಾರು ನಾನ್ನೂರು ಕೆಜಿ ಬೀಜ ಬೇಕು. ಕೆಜಿಗೆ ಇಪ್ಪತ್ತಾರರಂತೆ ಹತ್ತು ಸಾವಿರದ ನಾನ್ನೂರು. ಗಾಣದ ಕೂಲಿ ಸಾವಿರದ ಆರುನೂರು. ಮೆಥನಾಲ್ ಬಾಡಿಗೆ ಸಮೇತ ಸಾವಿರದ ನಾನ್ನೂರು. ಪೊಟ್ಯಾಶ್, ಕರೆಂಟು ಮುನ್ನೂರು. ಹದಿಮೂರು ಸಾವಿರದ ಏಳುನೂರು ಆಯಿತಾ? ಕೈಗೆ ಬರುವುದು ತೊಂಬತ್ತನಾಲ್ಕು ಲೀಟರ್. ಹಾಗೇ ಭಾಗಿಸಿದರೆ ಲೀಟರಿಗೆ ನೂರ ನಲವತ್ತೈದು! ಇಲ್ಲಿಗೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಆದರೆ ಹಿಂಡಿ ಎಲ್ಲಿ ಹೋಯಿತು? ಮುನ್ನೂರು ಕೆಜಿಗೆ ಹತ್ತು ಕಮ್ಮಿ ಹಿಂಡಿ ಉಳಿಯುತ್ತದೆ. ಶುಂಠಿ ಹಾಕುವವರು ಬೇರಿನ ಜಂತುಹುಳಕ್ಕೆ ಅಂತ ಕೆಜಿಗೆ ಇಪ್ಪತ್ತೈದು ಕೊಟ್ಟು ಒಯ್ಯುತ್ತಾರೆ. ಅದನ್ನು ಕಳೆದರೆ ಲೀಟರಿಗೆ ಅರವತ್ತೆಂಟು, ಎಪ್ಪತ್ತು. ಬಂಕಿನಲ್ಲಿ ತೊಂಬತ್ತರ ಹತ್ತಿರ ಇದೆ. ನನ್ನ ಬದುವಿನ ಬೀಜವೂ ಸೇರಿದರೆ ಇನ್ನೂ ಕೆಳಗೆ. ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ. ಹಿಂಡಿಗೆ ಹದಿನೈದೇ ಸಿಕ್ಕಿದರೆ ಬಂಕಿಗೆ ಹೋಗುವುದೇ ಲಾಭ. ಆದ್ದರಿಂದ ಹಿಂಡಿಗೆ ಗಿರಾಕಿ ಗೊತ್ತು ಮಾಡಿಕೊಂಡು ಆಮೇಲೆ ಬೀಜ ಕೊಳ್ಳಿ.

ಟ್ರ್ಯಾಕ್ಟರ್‌ಗೆ ಅರ್ಧಕ್ಕರ್ಧ ಹಾಕುತ್ತೇನೆ, ಬೇಸಿಗೆಯಲ್ಲಿ ಪೂರ್ತಿ. ರೋಟವೇಟರ್ ಹೊಡೆಯುವಾಗ ಗಂಟೆಗೆ ನಾಲ್ಕು ಲೀಟರ್ ಕುಡಿಯುತ್ತಿದ್ದದ್ದು ಪೂರ್ತಿ ಹಾಕಿದಾಗ ನಾಲ್ಕೂಕಾಲು ದಾಟುತ್ತದೆ. ಎಳೆತದಲ್ಲಿ ವ್ಯತ್ಯಾಸ ಡ್ರೈವರ್‌ಗೆ ಗೊತ್ತಾಗಲಿಲ್ಲ. ಹೊಗೆ ಮಾತ್ರ ಎದ್ದು ಕಾಣುವಷ್ಟು ಕಮ್ಮಿ. ಇಂಜಿನ್ ಆಯಿಲ್ 250 ಗಂಟೆ ಬದಲು 150ಕ್ಕೇ ಬದಲಿಸುತ್ತೇನೆ. ಬಯೋಡೀಸೆಲ್ ಇಳಿದು ಆಯಿಲ್ ತೆಳ್ಳಗಾಗುತ್ತದೆ, ಆ ಖರ್ಚಿಗೆ ಹಿಂದೆ ಮುಂದೆ ನೋಡಬಾರದು.

407ರ ಕಥೆ ಬೇರೆ. ಅದು ಹಳೇ ಗಾಡಿ, ಟ್ಯಾಂಕಿನೊಳಗೆ ವರ್ಷಗಟ್ಟಲೆ ಕೂತ ಡೀಸೆಲ್ ಕೊಳೆ. ಬಯೋಡೀಸೆಲ್ ಅದನ್ನೆಲ್ಲಾ ಕೆರೆದು ಫಿಲ್ಟರ್‌ಗೆ ತಂದು ತುಂಬಿತು. ಕೊಬ್ಬರಿ ಲೋಡ್ ಹಾಕಿಕೊಂಡು ತಿಪಟೂರಿಗೆ ಹೋಗುವಾಗ ಗಾಡಿ ದಾರಿಯಲ್ಲೇ ನಿಂತಿತು. "ನೋಡಿದ್ರಾ, ಹೊಂಗೆ ಎಣ್ಣೆ ಕೊಟ್ಟ ಏಟು" ಅಂತ ಊರೆಲ್ಲಾ ಮಾತಾಡಿತು. ಫಿಲ್ಟರ್ ಬಿಚ್ಚಿದರೆ ಕರೀ ಕೆಸರು, ಹೊಂಗೆಯದ್ದಲ್ಲ, ಹಳೇ ಡೀಸೆಲ್‌ದೇ. ಎರಡು ಫಿಲ್ಟರ್ ಬದಲಿಸಿದ ಮೇಲೆ ನಿಂತಿಲ್ಲ. ರಬ್ಬರ್ ಪೈಪು ಉಬ್ಬಿ ಜಿನುಗಲು ಶುರುವಾಯಿತು, ಬಯೋಡೀಸೆಲ್‌ಗೆ ಉಬ್ಬದ ವಿಟಾನ್ ಪೈಪು ಹಾಕಿಸಿದೆ. ಮೀಟರಿಗೆ ದುಡ್ಡು ಜಾಸ್ತಿ, ಆದರೆ ಒಂದೇ ಸಲದ ಖರ್ಚು. ಲಾರಿಗೆ ಈಗಲೂ ಶೇಕಡ 20 ಮಾತ್ರ. ದಾರಿಯಲ್ಲಿ ಬಾಡಿಗೆ ಲೋಡ್ ಇರುತ್ತದೆ, ಅಲ್ಲಿ ಪ್ರಯೋಗ ಬೇಡ.

ಮಧ್ಯೆ ಬೇರೆ ಎಣ್ಣೆಗಳನ್ನೂ ನೋಡಿದೆ. ಹೋಟೆಲ್‌ಗಳ ಕರಿದ ಎಣ್ಣೆ ಮೊದಲು ಅಗ್ಗಕ್ಕೆ ಸಿಗುತ್ತಿತ್ತು. ಈಗ ಬಯೋಡೀಸೆಲ್ ಕಂಪನಿಗಳವರೇ ಬಂದು ಒಯ್ಯುತ್ತಾರೆ, ನಮಗೆ ಸಿಗಲ್ಲ. ಸಿಕ್ಕಿದ್ದೂ ಪಾಮ್ ಎಣ್ಣೆ. ಡಿಸೆಂಬರ್ ಬೆಳಗಿನ ಚಳಿಗೆ ಕ್ಯಾನಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತು. ಹಿಪ್ಪೆಯದ್ದು ಟೈಟ್ರೇಷನ್ನೇ ಮುಗಿಯುವುದಿಲ್ಲ. ಹೊಂಗೆ ಎಣ್ಣೆಯನ್ನು ಹಾಗೇ ಹಾಕಿದರೇನು ಅಂತ ಹಳೇ ಪಂಪ್‌ಸೆಟ್ಟಿಗೂ ಹಾಕಿ ನೋಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ವರ್ಷಗಳ ಹಿಂದೆಯೇ ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ತೋರಿಸಿದ್ದಾರೆ, ಅದು ಗೊತ್ತಿದ್ದೇ ಧೈರ್ಯ ಮಾಡಿದ್ದು. ಪಂಪ್‌ಸೆಟ್ ಓಡಿತು, ಶಬ್ದವೂ ನಯವಾಗಿತ್ತು. ಆದರೆ ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವ ನಮ್ಮ ಕೆಲಸಕ್ಕೆ ಅದು ಹೊಂದಲಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ನಾಜಲ್ ಮೇಲೆ ಇದ್ದಿಲು ಕಟ್ಟಿ ರಿಂಗ್ ಅಂಟಿಕೊಂಡವು.

ಕೆಳಗೆ ಉಳಿಯುವ ಗ್ಲಿಸರಿನ್‌ನಿಂದ ಮೆಥನಾಲ್ ಪೂರ್ತಿ ತೆಗೆದು, ನೀರು ಜಾಸ್ತಿ ಬೆರೆಸಿ ಗೊಬ್ಬರದ ಗುಂಡಿಗೆ ಬಿಡುತ್ತೇನೆ. ಕಾಸ್ಟಿಕ್ ಸೋಡಾ ಬದಲು ಪೊಟ್ಯಾಶ್ ಬಳಸುವುದು ಅದಕ್ಕೇ. ದುಡ್ಡು ಸ್ವಲ್ಪ ಜಾಸ್ತಿ ಆದರೂ ತೆಂಗಿಗೆ ಸೇರುತ್ತದೆ, ಅಲ್ವಾ? ಅದೇ ಗ್ಲಿಸರಿನ್‌ನಲ್ಲಿ ಗ್ರೀಸ್ ಹಿಡಿದ ಕೈ ತೊಳೆದರೆ ಯಾವ ಸಾಬೂನೂ ಬೇಡ.

ಹೊಸ ಗಾಡಿಯವರು ಬಂದು ಕೇಳುತ್ತಾರೆ. ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ವ್ಯವಸ್ಥೆ) ಇರುವ, ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗೆ ನಾನು ಕೊಡುವುದಿಲ್ಲ. ಅದರ ಇಂಜೆಕ್ಟರ್ ರಿಪೇರಿ ಖರ್ಚಿನಲ್ಲಿ ನನ್ನ ಸೆಟ್ಟಿಂಗೇ ಇನ್ನೊಂದು ಸಲ ಕಟ್ಟಬಹುದು. ಹಳೇ ಇನ್‌ಲೈನ್ ಪಂಪಿನ ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ ಇದ್ದವರು ಧೈರ್ಯವಾಗಿ ಶೇಕಡ 20ರಿಂದ ಶುರು ಮಾಡಿ. ಪಕ್ಕದಲ್ಲಿ ಎರಡು ಫಿಲ್ಟರ್ ಇಟ್ಟುಕೊಂಡಿರಿ. ಈ ಸಲದ ಕಾಯಿ ಬಡಿಯುವ ಮುಂಚೆ ಒಂದು ಹಿಡಿ ಬೀಜ ತಂದು ತೋರಿಸಿದರೆ, ಗಾಣಕ್ಕೆ ಹಾಕಬಹುದೋ ಬೇಡವೋ ಅಂತ ಒಡೆದು ನೋಡಿ ಹೇಳುತ್ತೇನೆ. ಅದಕ್ಕೆ ದುಡ್ಡು ಬೇಡ.