ಮುಖಗಳ ಚಾರ್ಟು ಹೋಯಿತು, ಕಾಗದದ ಪಟ್ಟಿ ಉಳಿಯಿತು

“ಐದು ನಿಮಿಷ ಉಸಿರಾಟ ಆಡಿಸಿದ್ರೆ ಮಕ್ಕಳ ಜಗಳ ನಿಲ್ಲುತ್ತಾ ಮೇಡಂ?” ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಪೂರ್ತಿ ನಿಂತಿಲ್ಲ. ಆದರೆ ಸಿಟ್ಟು, ಅಳು, ಹೊಡೆದಾಟಕ್ಕೆಂದು ದಿನಕ್ಕೆ ಎಂಟು-ಹತ್ತು ಸಲ ಪಾಠ ನಿಲ್ಲಿಸುತ್ತಿದ್ದವಳು ಈಗ ಒಂದೋ ಎರಡೋ ಸಲ ನಿಲ್ಲಿಸುತ್ತೇನೆ. ಮೂವತ್ತು ಚಿಲ್ಲರೆ ಮಕ್ಕಳ ಒಂದನೇ ತರಗತಿಗೆ ಇದು ಸಣ್ಣ ವಿಷಯವಲ್ಲ.

ದುಡ್ಡು ದಂಡವಾದದ್ದು ಮೊದಲು ಹೇಳಿಬಿಡುತ್ತೇನೆ. ನಗುವ, ಅಳುವ ಮುಖಗಳ ಲ್ಯಾಮಿನೇಟ್ ಚಾರ್ಟು, ಭಾವನೆಗಳ ಕಾರ್ಡ್ ಸೆಟ್ಟು, ಮೂಲೆಗೆ ಮೆತ್ತೆ ಎಲ್ಲವೂ ನನ್ನ ಸಂಬಳದ್ದೇ. ಚಾರ್ಟಿನಲ್ಲಿ ಮಕ್ಕಳು ನಗುಮುಖದ ಮೇಲೇ ಬೆರಳಿಡುತ್ತಿದ್ದರು, ಇಲ್ಲವೇ ಪಕ್ಕದವನು ಇಟ್ಟಲ್ಲಿ. ಚಿತ್ರ ಗುರುತಿಸಲು ಕಲಿತರು, ತಮ್ಮೊಳಗಿನದನ್ನಲ್ಲ. ಮೆತ್ತೆಯಿಟ್ಟ ಮೂಲೆಗೆ ಹೋಗಲೆಂದೇ ಜಗಳ ತೆಗೆಯುವವರು ಹುಟ್ಟಿಕೊಂಡರು. ‘ಹತ್ತರವರೆಗೆ ಎಣಿಸು’ ಎಂದರೆ ಹತ್ತನ್ನೂ ಕಿರುಚಿ ಎಣಿಸಿ, ಹನ್ನೊಂದಕ್ಕೆ ಗುದ್ದುತ್ತಿದ್ದರು.

ದಾರಿ ಸಿಕ್ಕಿದ್ದು ಭಾವನೆಯ ಹೆಸರು ಕೇಳುವುದನ್ನು ಬಿಟ್ಟು ಮೈಯನ್ನು ಕೇಳಿದಾಗ. ಹಳೆ ಪೇಪರಿನ ಮೇಲೆ ಒಂದು ಮಗುವನ್ನು ಮಲಗಿಸಿ ಸುತ್ತ ಗೆರೆ ಎಳೆದೆವು. “ಸಿಟ್ಟು ಬಂದಾಗ ಎಲ್ಲಿ ಗೊತ್ತಾಗುತ್ತೆ?” ಎಂದೆ. ಮುಷ್ಟಿ, ಕಿವಿ, ಹೊಟ್ಟೆ, ಗಂಟಲು ಎಂದು ಬಣ್ಣ ಹಚ್ಚಿದರು. ಸದಾ ಹೊಡೆದಾಡುವ ಹುಡುಗನೊಬ್ಬ ಕಾಲಿಗೆ ಮಾತ್ರ ಹಚ್ಚಿದ. ಅವನು ಒದೆಯುವ ಮುಂಚೆ ಕಾಲು ಕುಣಿಸುತ್ತಾನೆಂಬುದು ಆಮೇಲೆ ನನ್ನ ಕಣ್ಣಿಗೂ ಬಿತ್ತು. ಸಿಟ್ಟು ಎಷ್ಟು ಎಂಬುದನ್ನು ಎರಡು ಅಂಗೈ ನಡುವಿನ ಅಂತರದಲ್ಲಿ ತೋರಿಸುತ್ತಾರೆ. ಹೆಸರು ತಾನಾಗಿ ಹಿಂದೆ ಬಂತು: ಹೆದರಿಕೆ, ಹೊಟ್ಟೆಕಿಚ್ಚು, ನಾಚಿಕೆ. ಭಾವನೆಗೆ ಮಾತಲ್ಲಿ ಹೆಸರಿಟ್ಟರೆ, ಹೆದರಿಕೆಯಂಥ ಭಾವನೆಗಳಿಗೆ ಮಿಡಿಯುವ ಮಿದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆಂದು 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ ದೊಡ್ಡವರ ಮೇಲಿನ ಪ್ರಯೋಗದಲ್ಲಿ ತೋರಿಸಿತ್ತು. ಆರು ವರ್ಷದವರಿಗೆ ಆ ಮಾತು ಮೈಯಿಂದ ಹೊರಟರೆ ಸಲೀಸು ಎಂಬುದು ನನ್ನ ಲೆಕ್ಕ.

ಇನ್ನು ಉಸಿರು. ‘ದೀರ್ಘವಾಗಿ ಉಸಿರೆಳೆದುಕೊ’ ಎಂದರೆ ಮಕ್ಕಳು ಭುಜ ಏರಿಸಿ ಏದುಸಿರು ಬಿಡುತ್ತಾರೆ. ಎಳೆಯುವುದರ ಮಾತೇ ಬೇಡ. ಎದೆಬಡಿತ ಇಳಿಯುವುದು ಉಸಿರು ಬಿಡುವಾಗ. ಬೆರಳಗಲದ ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು, ಅದು ಓರೆಯಾಗಿಯೇ ನಿಲ್ಲುವಂತೆ ಮೆಲ್ಲಗೆ ಊದಬೇಕು, ಅಷ್ಟೇ. ದಿನಾ ಬೆಳಿಗ್ಗೆ, ಯಾರಿಗೂ ಸಿಟ್ಟಿಲ್ಲದ ಹೊತ್ತಲ್ಲಿ. ಇದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ, ಬಾವಿಗೆ ಬಿದ್ದವನಿಗೆ ಈಜು ಹೇಳಿಕೊಟ್ಟಂತೆ. ಸುಮಾರು ಎರಡು ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರೇ ಕೇಳದೆಯೇ ಪಟ್ಟಿ ತೆಗೆಯತೊಡಗಿದರು.

ಕೂತು ಊದಲಾಗದವರೂ ಇದ್ದಾರೆ. ಅವರಿಗೆ ಎರಡೂ ಅಂಗೈಯಿಂದ ಗೋಡೆ ತಳ್ಳುವ ಕೆಲಸ. ಜೇಡಿಮಣ್ಣೂ ಕೊಟ್ಟು ನೋಡಿದೆ, ಅರ್ಧ ಗಂಟೆಯಲ್ಲಿ ಅದು ಹಾರಾಡತೊಡಗಿತು. ಡಸ್ಟರ್ ಬಡಿದ ತಾಳಕ್ಕೆ ಜೋರಾಗಿ ಶುರುಮಾಡಿ ನಿಧಾನಕ್ಕಿಳಿಯುವ ಹೆಜ್ಜೆಯಾಟ ಚೆನ್ನಾಗಿಯೇ ಕೂಡಿಬಂತು, ಪಕ್ಕದ ತರಗತಿಯವರು ಬಂದು ಬಾಗಿಲು ತಟ್ಟುವವರೆಗೆ.

ಸಿಟ್ಟು ನೆತ್ತಿಗೇರಿದ ಮಗುವಿಗೆ ನಾನು ಏನೂ ಕಲಿಸುವುದಿಲ್ಲ. ಕೆಳಗೆ ಕೂತು ಒಂದೇ ಒಂದು ಮಾತು ಹೇಳಿ ಸುಮ್ಮನಿರುತ್ತೇನೆ. ಆ ಮಾತು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಬಂದು ಕೂತು ಕೇಳಲಿ. ಹೊಡೆದದ್ದಕ್ಕೆ ಲೆಕ್ಕ ಕೇಳುವುದಂತೂ ಇದ್ದೇ ಇದೆ, ಊಟದ ಬಿಡುವಿನ ಮೇಲೆ. ತನಗೇ ಗಾಯ ಮಾಡಿಕೊಳ್ಳುವ ಮಗುವಿಗೆ ಮಾತ್ರ ನನ್ನ ಪಟ್ಟಿ ಸಾಲದು, ಅಂಥವರನ್ನು ತಜ್ಞರ ಹತ್ತಿರ ಕಳಿಸಲೇಬೇಕು.

ನಕ್ಕವರಲ್ಲಿ ಒಬ್ಬರು ಮೊನ್ನೆ ಪಟ್ಟಿ ಕೇಳಿಕೊಂಡು ಬಂದರು. ಡ್ರಾಯಿಂಗ್ ಹಾಳೆಯಲ್ಲಿ ಕತ್ತರಿಸಬೇಡಿ, ಅದು ಬಾಗುವುದಿಲ್ಲ. ನೋಟ್‌ಬುಕ್ಕಿನ ಹಾಳೆಯೇ ಸರಿ, ಗೇಣುದ್ದ ಸಾಕು.