ಗಾಳೆಮ್ಮ ಯಾರೆಂದು ತಿಳಿದ ಮೇಲೆಯೇ ಮಾಡ್ ಹುಡುಕಿದೆ

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟ ಆಡಲು ಕೂರುವವರು ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬಿದ್ದ ಮಾಡ್‌ಗಳನ್ನೆಲ್ಲ, ಅಂದರೆ ಆಟವನ್ನು ಬದಲಿಸಲು ಆಡುವವರೇ ಮಾಡಿ ಹಂಚುವ ಸೇರ್ಪಡೆಗಳನ್ನೆಲ್ಲ, ಇಳಿಸಿಕೊಳ್ಳುತ್ತಾರೆ, ಪಾತ್ರದ ವಿಚಾರಕ್ಕೆ ಆಮೇಲೆ ಬರುತ್ತಾರೆ. ನಾನು ಈ ಕ್ರಮವನ್ನು ಹಿಂದುಮುಂದು ಮಾಡಿಕೊಂಡಿದ್ದೇನೆ. ಪಾತ್ರ ಯಾರು, ಅದು ಯಾವ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂಬುದು ಕಾಗದದ ಮೇಲೆ ಬರುವವರೆಗೆ ಒಂದು ಮಾಡನ್ನೂ ಮುಟ್ಟುವುದಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ, ಸಾಧಾರಣ ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಆಟವನ್ನು ಪ್ರೀತಿಯಿಂದ ಆಡುತ್ತಿರುವವನಾಗಿ, ನಾನು ಹೇಗೆ ಮಾಡಿದೆ ಎಂಬುದನ್ನು ಹೇಳುತ್ತೇನೆ.

ಈ ಆಟ ಬಂದದ್ದು 2011ರ ನವೆಂಬರ್ 11ರಂದು. 64 ಬಿಟ್‌ನ ಸ್ಪೆಷಲ್ ಎಡಿಷನ್ ಬಂದದ್ದು 2016ರ ಅಕ್ಟೋಬರ್‌ನಲ್ಲಿ, ನಾನು ಆಡುವುದು ಅದನ್ನೇ. ಆರಿಸಿಕೊಳ್ಳಲು 10 ಕುಲಗಳಿವೆ, 18 ಕೌಶಲಗಳಿವೆ. ಯಾವ ಕುಲದವರು ಬೇಕಾದರೂ ಯಾವ ಕೌಶಲವನ್ನು ಬೇಕಾದರೂ ಕಲಿಯಬಹುದು. ಈ ಸ್ವಾತಂತ್ರ್ಯದಲ್ಲೇ ತೊಡಕಿದೆ. ಖಡ್ಗ ಹಿಡಿದು ಹೊರಟವನೂ ಮಂತ್ರದಿಂದ ಶುರು ಮಾಡಿದವಳೂ ಕೊನೆಗೆ ಕತ್ತಲಲ್ಲಿ ಬಗ್ಗಿ ಕೂತು ಬಾಣ ಬಿಡುವವರೇ ಆಗುತ್ತಾರೆ, ಏಕೆಂದರೆ ಆಟದಲ್ಲಿ ಅದಕ್ಕಿಂತ ಸುಲಭದ ದಾರಿ ಇಲ್ಲ. ಆಟ ಯಾವುದನ್ನೂ ಬೇಡ ಎನ್ನುವುದಿಲ್ಲ. ಬೇಡ ಎನ್ನುವ ಕೆಲಸ ಆಡುವವರದು.

ಇದಕ್ಕೆ ದಾರಿ ಸಿಕ್ಕಿದ್ದು ನನ್ನ ಸೋದರಮಾವನಿಂದ. ಅವರು ಕುರುಗೋಡಿನ ಕಡೆಯವರು, ವಯಸ್ಸಿನಲ್ಲಿ ದೊಡ್ಡಾಟದಲ್ಲಿ ಪಾತ್ರ ಕಟ್ಟಿದವರು. ದೊಡ್ಡಾಟದಲ್ಲಿ ಪಾತ್ರಧಾರಿ ಕುಣಿಯುತ್ತ ರಂಗಕ್ಕೆ ಬಂದು ನಿಂತ ಕೂಡಲೇ ಸಾರಥಿ ವಿಚಾರಣೆ ಶುರು ಮಾಡುತ್ತಾನೆ: ಬಂದವರು ಯಾರು, ಯಾವ ಊರಿಗೆ ಒಡೆಯರು, ಬಂದ ಕಾರಣವೇನು. ಅದಕ್ಕೆ ಉತ್ತರ ಕೊಡದೆ ಕತೆ ಮುಂದಕ್ಕೆ ಹೋಗುವುದಿಲ್ಲ. ಮಾವ ನಮ್ಮ ಮನೆಗೆ ಬಂದಿದ್ದಾಗ ಪಾತ್ರ ರಚಿಸುವ ಪರದೆಯನ್ನು ತೋರಿಸಿದೆ. ಮೂಗು, ಗದ್ದ, ಗಾಯದ ಗುರುತು ಎಲ್ಲವನ್ನೂ ಸಾವಧಾನದಿಂದ ನೋಡಿದರು.

"ವೇಷ ಚೆನ್ನಾಗಿದೆಯಪ್ಪ. ಸಾರಥಿ ಕೇಳಿದರೆ ಈಕೆ ಏನು ಹೇಳುತ್ತಾಳೆ?"

"ಅದನ್ನು ಇನ್ನೂ ಯೋಚಿಸಿಲ್ಲ ಮಾವ. ಆಡುತ್ತ ಆಡುತ್ತ ಗೊತ್ತಾಗುತ್ತದೆ."

"ಹಾಗಾದರೆ ಆಡುವವನು ನೀನೇ, ಆಕೆ ಅಲ್ಲ" ಎಂದರು.

ಆ ಮಾತು ನನಗೆ ನಾಟಿತು. ಅಂದಿನಿಂದ ಪ್ರತಿ ಪಾತ್ರಕ್ಕೂ ಸಾರಥಿಯ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಪಾತ್ರದ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ನನ್ನದೊಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ: ಪ್ರಾಣ ಹೋದರೂ ಏನು ಮಾಡುವುದಿಲ್ಲ?

ಈಗ ಆಡುತ್ತಿರುವ ಪಾತ್ರದ ಹೆಸರು ಗಾಳೆಮ್ಮ. ಊರೂರು ತಿರುಗಿ ಔಷಧಿ ಕೊಡುವ ನಾಟಿ ವೈದ್ಯೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಕಾಮಾಲೆಗೆ, ಸರ್ಪಸುತ್ತಿಗೆ ಔಷಧಿ ಕೊಡುವ ಮನೆಗಳೆಂದು ಹೆಸರಾದ ಮನೆಗಳಿವೆ, ಅಂಥದೊಂದು ಮನೆಯ ಹೆಣ್ಣುಮಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ನಾಲ್ಕನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಹೀಗಿದೆ: ಉಸಿರಾಡುವ ಮನುಷ್ಯರನ್ನು ಕೊಲ್ಲುವುದಿಲ್ಲ, ಹೆಣವನ್ನು ಎಬ್ಬಿಸಿ ದುಡಿಸಿಕೊಳ್ಳುವುದಿಲ್ಲ, ಕದಿಯುವುದಿಲ್ಲ. ಗೋರಿಯೊಳಗೆ ಸತ್ತೂ ಸಾಯದೆ ಅಲೆಯುವ ಡ್ರಾಗರ್‌ಗಳ ಮಾತು ಬೇರೆ. ಅವುಗಳಿಗೆ ಮುಕ್ತಿ ಕೊಡುವುದು ವೈದ್ಯದ ಕೆಲಸವೇ ಎಂಬುದು ಅವಳ ನಂಬಿಕೆ.

ಇಷ್ಟಾದ ಮೇಲೆ ಕುಲವನ್ನು ಆರಿಸುವುದು ಕಷ್ಟವಾಗಲಿಲ್ಲ. ಹೈ ಎಲ್ಫ್ ಕುಲಕ್ಕೆ ಶುರುವಿನಲ್ಲೇ 50 ಹೆಚ್ಚಿನ ಮಂತ್ರಶಕ್ತಿ ಸಿಗುತ್ತದೆ, ಮಂತ್ರಗಾರರು ಬಹಳಷ್ಟು ಮಂದಿ ಅದನ್ನೇ ಆರಿಸುತ್ತಾರೆ. ನಾನು ಬ್ರೆಟನ್ ಆರಿಸಿದೆ. ಎದುರಾಳಿಯ ಮಂತ್ರದ ಪೆಟ್ಟು ಈ ಕುಲದವರಿಗೆ ಶೇ. 25ರಷ್ಟು ಕಡಿಮೆ ತಗಲುತ್ತದೆ. ಆಲ್ಕೆಮಿ (ಔಷಧಿ ತಯಾರಿ), ರೆಸ್ಟೊರೇಷನ್ (ಗಾಯ ಮಾಯಿಸುವ ಮಂತ್ರ), ಇಲ್ಯೂಷನ್ (ಮನಸ್ಸನ್ನು ತಿರುಗಿಸುವ ಮಂತ್ರ), ಆಲ್ಟರೇಷನ್ (ವಸ್ತುಗಳ ಗುಣ ಬದಲಿಸುವ ಮಂತ್ರ), ಸ್ಪೀಚ್ (ಮಾತುಗಾರಿಕೆ) ಈ ಐದು ಕೌಶಲಗಳಲ್ಲಿ ತಲಾ 5 ಅಂಕ ಹೆಚ್ಚಿರುತ್ತದೆ. ವೈದ್ಯೆಗೆ ಬೇಕಾದದ್ದು ಈ ಐದೇ. ಕುಲದ ದೊಡ್ಡ ಕೊಡುಗೆಯಾದ 10 ಅಂಕ ಮಾತ್ರ ಕಾಂಜುರೇಷನ್‌ಗೆ, ಅಂದರೆ ಹೆಣ ಎಬ್ಬಿಸುವ ಮತ್ತು ಪರಲೋಕದ ಜೀವಿಗಳನ್ನು ಕರೆಸುವ ವಿದ್ಯೆಗೆ ಹೋಗುತ್ತದೆ. ಗಾಳೆಮ್ಮ ಅದನ್ನು ಮುಟ್ಟುವುದಿಲ್ಲ. ಲೆಕ್ಕ ಹಾಕುವವರಿಗೆ ಇದು ನಷ್ಟ. ನನಗೆ ಇದು ಪಾತ್ರದ ಜೀವಾಳ: ಹುಟ್ಟಿನಿಂದ ಕೈಗೆ ಬಂದ ವಿದ್ಯೆಯನ್ನು ಬೇಡವೆಂದು ಬದಿಗಿಟ್ಟ ಹೆಂಗಸು ಅವಳು.

ಲೆವೆಲ್ ಏರಿದಾಗಲೆಲ್ಲ ಆರೋಗ್ಯ, ಮಂತ್ರಶಕ್ತಿ, ದಮ್ಮು ಈ ಮೂರರಲ್ಲಿ ಒಂದಕ್ಕೆ 10 ಸೇರಿಸಬಹುದು. ದಮ್ಮಿಗೆ ಸೇರಿಸಿದರೆ ಹೊರುವ ಭಾರದ ಮಿತಿಯೂ 5 ಹೆಚ್ಚುತ್ತದೆ. ಗಿಡಮೂಲಿಕೆ ಹೊತ್ತು ನಡೆಯುವವಳಿಗೆ ಅದು ಬೇಕೇ ಬೇಕು, ಆದ್ದರಿಂದ ಎರಡು ಸಲ ಮಂತ್ರಶಕ್ತಿಗೆ ಹಾಕಿದರೆ ಒಂದು ಸಲ ದಮ್ಮಿಗೆ ಹಾಕುತ್ತ ಬಂದಿದ್ದೇನೆ. ರಿವರ್‌ವುಡ್ ಎಂಬ ಹಳ್ಳಿಯ ಬಳಿಯ ಮೂರು ಶಿಲೆಗಳಲ್ಲಿ ಮಂತ್ರಗಾರರ ಶಿಲೆಯನ್ನು ಮುಟ್ಟಿಸಿದ್ದೇನೆ, ಅದರಿಂದ ಮಂತ್ರದ ಕೌಶಲಗಳು ಶೇ. 20ರಷ್ಟು ಬೇಗ ಬೆಳೆಯುತ್ತವೆ.

ಕೊಲ್ಲದೆ ದಾರಿ ಸಾಗುವುದು ಹೇಗೆ? ಇಲ್ಯೂಷನ್ನಿನ ಕಾಮ್ ಮಂತ್ರ ಕಳ್ಳರನ್ನು ಸ್ವಲ್ಪ ಹೊತ್ತು ಶಾಂತಗೊಳಿಸುತ್ತದೆ, ಆದರೆ ಮೂಲದಲ್ಲಿ ಅದು 9ನೆಯ ಲೆವೆಲ್‌ವರೆಗಿನವರ ಮೇಲೆ ಮಾತ್ರ ನಡೆಯುತ್ತದೆ. ಅದಕ್ಕಿಂತ ಗಟ್ಟಿಗರು ಬಂದರೆ ವಿಷವೇ ಗತಿ. ಮೂಲ ಆಟದಲ್ಲಿ ಕ್ಯಾನಿಸ್ ಬೇರು ಮತ್ತು ಇಂಪ್ ಸ್ಟೂಲ್ ಎಂಬ ಅಣಬೆ ಎರಡಕ್ಕೂ ಮೈ ಮರಗಟ್ಟಿಸುವ ಗುಣವಿದೆ. ಎರಡನ್ನೂ ಕಲಸಿ ಚಾಕುವಿಗೆ ಸವರಿ ಗೀರಿದರೆ ಎದುರಿನವನು ಕಟ್ಟಿಗೆಯಂತೆ ಬೀಳುತ್ತಾನೆ, ಅಷ್ಟರಲ್ಲಿ ದಾಟಿ ಹೋಗಬಹುದು. ಎದುರಿಗಿದ್ದ ಕಾವಲುಗಾರನ ಪಕ್ಕದಿಂದ ಹೀಗೆ ನುಸುಳಿ ಹೋಗುವಾಗ ಎದೆ ಹೊಡೆದುಕೊಳ್ಳುವಷ್ಟು, ನೂರು ಜನರನ್ನು ಕಡಿದು ಹಾಕಿದಾಗಲೂ ಹೊಡೆದುಕೊಂಡಿಲ್ಲ.

ಮಾಡ್‌ಗಳ ಸರದಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಬುನಾದಿಯ ಮಾತು ಬೇಗ ಮುಗಿಸುತ್ತೇನೆ: ಬೇರೆ ಮಾಡ್‌ಗಳಿಗೆ ಆಟದೊಳಗೆ ಹೆಚ್ಚಿನ ಕೆಲಸ ಮಾಡಲು ಬಿಡುವ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಅದಕ್ಕೆ ಜೊತೆಯಾದ ಅಡ್ರೆಸ್ ಲೈಬ್ರರಿ, ಮೆನುಗಳನ್ನು ಸುಧಾರಿಸುವ ಸ್ಕೈಯುಐ, ದೋಷಗಳನ್ನು ತಿದ್ದುವ ಅನ್‌ಅಫಿಷಿಯಲ್ ಪ್ಯಾಚ್. ಇವು ಯಾವ ಪಾತ್ರಕ್ಕೂ ಬೇಕು. ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಆಟದ ಆವೃತ್ತಿಗೆ ಸರಿಯಾಗಿ ಹೊಂದಬೇಕು. 2021ರ ನವೆಂಬರ್‌ನಲ್ಲಿ ಆಟ 1.5.97ರಿಂದ 1.6ಕ್ಕೆ ಏರಿದಾಗ, ಅದನ್ನು ನೆಚ್ಚಿದ ಮಾಡ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಆದ್ದರಿಂದ ಆಟ ತಾನಾಗಿ ಅಪ್‌ಡೇಟ್ ಆಗದಂತೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಪಾತ್ರಕ್ಕಾಗಿ ಆರಿಸಿದ ಮಾಡ್‌ಗಳಲ್ಲಿ ಮೊದಲನೆಯದು ಆಲ್ಟರ್ನೇಟ್ ಸ್ಟಾರ್ಟ್. ಮೂಲ ಆಟ ಕೈ ಕಟ್ಟಿಸಿಕೊಂಡು ಗಾಡಿಯಲ್ಲಿ ಕೂತು ಹೆಲ್ಗೆನ್ ಎಂಬ ಊರಿಗೆ, ತಲೆ ಕಡಿಸಿಕೊಳ್ಳಲು ಹೋಗುವುದರಿಂದ ಶುರುವಾಗುತ್ತದೆ. ಈ ಮಾಡ್‌ನಲ್ಲಿ ಪಾಳುಬಿದ್ದ ಸೆರೆಮನೆಯ ಕೋಣೆಯಲ್ಲಿ ಮಾರಾ ದೇವಿಯ ವಿಗ್ರಹದ ಎದುರು ಕಣ್ಣು ತೆರೆಯುತ್ತೇವೆ. ದೇವಿಗೆ ನಾವು ಯಾರಾಗಬೇಕೆಂದು ಹೇಳಿ, ಹಾಸಿಗೆಯ ಮೇಲೆ ಮಲಗಿದರೆ ಆ ಬದುಕಿನಲ್ಲಿ ಏಳುತ್ತೇವೆ. ಇಲ್ಲೂ ಬಂದವರು ಯಾರೆಂಬ ವಿಚಾರಣೆಯಿಂದಲೇ ಕತೆ ತೊಡಗುತ್ತದೆ. ಗಾಳೆಮ್ಮ ಛತ್ರದಲ್ಲಿ ತಂಗಿದ ಪ್ರಯಾಣಿಕಳಾಗಿ ಎದ್ದಳು.

ಎರಡನೆಯದು ಎಕ್ಸ್‌ಪೀರಿಯೆನ್ಸ್ ಎಂಬ ಮಾಡ್. ಔಷಧಿ ಕುದಿಸುವವರಿಗೆ ಇದರ ಮಹತ್ವ ತಿಳಿಯಬೇಕು. ಮೂಲ ಆಟದಲ್ಲಿ ಯಾವ ಕೌಶಲ ಬೆಳೆದರೂ ಪಾತ್ರದ ಲೆವೆಲ್ ಏರುತ್ತದೆ, ಲೆವೆಲ್ ಏರಿದಂತೆ ಎದುರಾಳಿಗಳೂ ಬಲಿಯುತ್ತಾರೆ. ಮೂಲೆಯಲ್ಲಿ ಕೂತು ಕಷಾಯ ಮಾಡಿ ಮಾರಿದರೆ ಸಾಕು, ಲೆವೆಲ್ ಸರಸರನೆ ಏರುತ್ತದೆ. ಹೊರಗೆ ಕಾಲಿಟ್ಟರೆ ದಾರಿಗಳ್ಳರು ಅವಳಿಗಿಂತ ಬಲಿಷ್ಠರಾಗಿರುತ್ತಾರೆ. ಈ ಮಾಡ್ ಹಾಕಿದರೆ ಲೆವೆಲ್ ಏರುವುದು ಕೆಲಸಗಳನ್ನು ಮುಗಿಸಿದಾಗ, ಹೊಸ ಜಾಗಗಳನ್ನು ಕಂಡಾಗ. ನಡೆದಾಡುವ ವೈದ್ಯೆಗೆ ಹೇಳಿ ಮಾಡಿಸಿದಂತಿದೆ.

ನಿಜವಾಗಿ ಯೋಚಿಸಬೇಕಾಗಿ ಬಂದದ್ದು ಮೂರನೆಯದಕ್ಕೆ. ಆರ್ಡಿನೇಟರ್ ಎಂಬ ಪ್ರಸಿದ್ಧ ಮಾಡ್ 400ಕ್ಕೂ ಹೆಚ್ಚು ಪರ್ಕ್‌ಗಳನ್ನು, ಅಂದರೆ ಕೌಶಲ ಬೆಳೆದಂತೆ ಆರಿಸಿಕೊಳ್ಳಬಹುದಾದ ವಿಶೇಷ ಶಕ್ತಿಗಳನ್ನು, ತರುತ್ತದೆ, ಬಹಳ ಚೆನ್ನಾಗಿದೆ. ಕಂಪ್ಲೀಟ್ ಆಲ್ಕೆಮಿ ಅಂಡ್ ಕುಕಿಂಗ್ ಓವರ್‌ಹಾಲ್ ಎಂಬ ಇನ್ನೊಂದು, ಔಷಧಿ ಮತ್ತು ಅಡುಗೆಯ ಲೋಕವನ್ನೇ ಹೊಸದಾಗಿ ಕಟ್ಟುತ್ತದೆ. ಹೊಸ ಮೂಲಿಕೆಗಳು, ಹೊಸ ಪಾಕಗಳು, ಜೊತೆಗೆ ಆರೋಗ್ಯದ ಔಷಧಿ ಕುಡಿದ ತಕ್ಷಣ ಗಾಯ ಮಾಯುವ ಬದಲು ಹಂತಹಂತವಾಗಿ ಮಾಯುತ್ತದೆ. ಎರಡೂ ಆಲ್ಕೆಮಿಗೆ ಕೈ ಹಾಕುವುದರಿಂದ ಜೊತೆಗೂಡಿಸಲು ಪ್ಯಾಚ್‌ಗಳು ಬೇಕು. ಕುಸ್ತಿ ಹಿಡಿಯುವ ಪಾತ್ರವಾಗಿದ್ದರೆ ನಾನು ಆರ್ಡಿನೇಟರ್ ಇಟ್ಟುಕೊಳ್ಳುತ್ತಿದ್ದೆ. ಗಾಳೆಮ್ಮನ ಬದುಕು ಇರುವುದು ಒರಳು ಕುಟ್ಟಾಣಿಯಲ್ಲಿ, ಆದ್ದರಿಂದ ಎರಡನೆಯದನ್ನು ಉಳಿಸಿಕೊಂಡು ಮೊದಲನೆಯದನ್ನು ಕೈಬಿಟ್ಟೆ. ಕತ್ತಿ, ರಕ್ಷಾಕವಚಗಳ ಮಾಡ್‌ಗಳು, ಹೊಸ ಸಂಗಾತಿಗಳು, ದೊಡ್ಡ ಕಾಳಗದ ಮಾಡ್‌ಗಳು, ಯಾವುದೂ ಅವಳಿಗೆ ಬೇಕಿಲ್ಲ. ಹೀಗೆ ಬಿಡುತ್ತ ಹೋದಾಗ ಪಟ್ಟಿ ತಾನಾಗಿ ಚಿಕ್ಕದಾಯಿತು. ಚಳಿಗೆ, ಹಸಿವಿಗೆ ಸನ್‌ಹೆಲ್ಮ್ ಸೇರಿಸಿದೆ, ಊರೂರು ಅಲೆಯುವವಳಿಗೆ ಹಿಮದಲ್ಲಿ ಮೈ ನಡುಗದಿದ್ದರೆ ಪ್ರಯಾಣಕ್ಕೆ ಅರ್ಥವಿಲ್ಲ.

ಜೋಡಿಸುವ ಕೆಲಸಕ್ಕೆ ನಾನು ಬಳಸುವುದು ಮಾಡ್ ಆರ್ಗನೈಸರ್ 2. ಅದು ಆಟದ ಮೂಲ ಕಡತಗಳನ್ನು ಮುಟ್ಟದೆ ಮಾಡ್‌ಗಳನ್ನು ಬೇರೆಯಾಗಿಟ್ಟು, ಆಟ ತೆರೆದಾಗ ಮಾತ್ರ ಒಂದೇ ಕಡೆ ಇರುವಂತೆ ತೋರಿಸುತ್ತದೆ. ಹೊಸಬರು ಗೊಂದಲಕ್ಕೆ ಬೀಳುವುದು ಅದರ ಎರಡು ಪಟ್ಟಿಗಳಲ್ಲಿ. ಎಡಗಡೆಯದು ಚಿತ್ರ, ಆಕಾರ, ಧ್ವನಿಯ ಕಡತಗಳಲ್ಲಿ ಯಾರದು ಮೇಲುಗೈ ಎಂದು ತೀರ್ಮಾನಿಸುತ್ತದೆ. ಬಲಗಡೆಯದು ಪ್ಲಗಿನ್ ಎಂಬ ಕಡತಗಳ ಸರದಿ, ಅದು ಆಟದ ದಾಖಲೆಗಳಿಗೆ, ಅಂದರೆ ಯಾವ ವಸ್ತುವಿಗೆ ಯಾವ ಗುಣ, ಯಾವ ಬೆಲೆ ಎಂಬ ವಿವರಗಳಿಗೆ ಸಂಬಂಧಿಸಿದ್ದು. ಎರಡರಲ್ಲೂ ಕೊನೆಗೆ ಬಂದವರ ಮಾತೇ ನಡೆಯುತ್ತದೆ.

ಈ ಕೊನೆಯ ಮಾತನ್ನು ಕಣ್ಣಾರೆ ನೋಡಬೇಕಾದರೆ ಎಕ್ಸ್‌ಎಡಿಟ್ ಎಂಬ ಉಪಕರಣವನ್ನು ತೆರೆಯಬೇಕು. ಒಂದು ಹೂವಿನ ದಾಖಲೆಯನ್ನು ಒತ್ತಿದರೆ ಕಂಬಸಾಲಾಗಿ ಮಾಹಿತಿ ಬರುತ್ತದೆ: ಮೊದಲ ಕಂಬದಲ್ಲಿ ಮೂಲ ಆಟ ಆ ಹೂವಿಗೆ ಕೊಟ್ಟ ನಾಲ್ಕು ಗುಣಗಳು, ಪಕ್ಕದಲ್ಲಿ ಆಲ್ಕೆಮಿ ಮಾಡ್ ಬರೆದದ್ದು, ಅದರಾಚೆ ಬೆಲೆ ಬದಲಿಸುವ ಒಂದು ಸಣ್ಣ ಮಾಡ್ ಬರೆದದ್ದು. ಆ ಸಣ್ಣ ಮಾಡ್‌ಗೆ ಬೇಕಾದದ್ದು ಬೆಲೆಯೊಂದೇ. ಆದರೆ ದಾಖಲೆ ಇಡಿಯಾಗಿ ಹೋಗುವುದರಿಂದ ಅದು ಹಳೆಯ ನಾಲ್ಕು ಗುಣಗಳನ್ನೂ ಹೊತ್ತು ತಂದು ಆಲ್ಕೆಮಿ ಮಾಡ್‌ನ ಕೆಲಸವನ್ನು ಅಳಿಸುತ್ತದೆ. ಘರ್ಷಣೆ ಇರುವ ಸಾಲು ಕೆಂಪಾಗಿ ಕಾಣುತ್ತದೆ. ಲೂಟ್ ಎಂಬ ಉಪಕರಣ ಸರದಿಯನ್ನು ಒಂದು ಮಟ್ಟಕ್ಕೆ ಸರಿಪಡಿಸುತ್ತದೆ, ಆದರೆ ಈ ಹೂವಿಗೆ ಯಾವ ಗುಣ ಇರಬೇಕು ಎಂಬ ತೀರ್ಮಾನ ನಮ್ಮದೇ. ನಾನು ಬೆಲೆಯ ಮಾಡ್ ಅನ್ನು ಮೇಲಕ್ಕೆ ಸರಿಸಿ, ಆಲ್ಕೆಮಿಯನ್ನು ಕೆಳಗಿಟ್ಟೆ.

ಇನ್ನು ನಮ್ಮೂರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ, ಗುಡ್ಡದ ಬಂಡೆ ಕಾದು ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ 4 ಜಿಬಿ ನೆನಪಷ್ಟೇ ಇದೆ. ಇಂಥಲ್ಲಿ ಅಂದಚಂದದ ಮಾಡ್‌ಗಳನ್ನು ಅಳೆದು ಹಾಕಬೇಕು. ಬೆಳಕನ್ನು ಬದಲಿಸುವ ಇಎನ್‌ಬಿಯನ್ನು ನಾನು ಹಾಕಿಲ್ಲ. ನೆಲ, ಬೆಟ್ಟ, ಗಿಡಗಳಿಗೆ 2ಕೆ ಟೆಕ್ಸ್ಚರ್ (ಹೆಚ್ಚು ಸ್ಪಷ್ಟವಾದ ಮೇಲ್ಮೈ ಚಿತ್ರ), ಮಡಕೆ ಕುಡಿಕೆಗಳಿಗೆ 1ಕೆ. ಗಾಳೆಮ್ಮ ದಿನವಿಡೀ ನೋಡುವುದು ಗಿಡಗಳನ್ನು, ಹೊಳಪು ಬೇಕಾದದ್ದು ಅಲ್ಲಿಯೇ. ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಬಳಸಿ ಫ್ರೇಮ್‌ಗಳನ್ನು ಸೆಕೆಂಡಿಗೆ 40ಕ್ಕೆ ಕಟ್ಟಿಹಾಕಿದ್ದೇನೆ, ಫ್ಯಾನಿನ ಸದ್ದು ಆಗಲೇ ಇಳಿಯಿತು. ನಿಧಾನವಾಗಿ ನಡೆಯುವ ಪಾತ್ರಕ್ಕೆ 60 ಬೇಕೆಂದು ನನಗೆ ಅನಿಸಿಲ್ಲ.

ಎಲ್ಲ ಸೇರಿಸಿದ ಮೇಲೆ ಒಂದು ಸುಳ್ಳು ಪಾತ್ರ ಮಾಡಿ ಪರೀಕ್ಷಿಸುತ್ತೇನೆ. ವೈಟ್‌ರನ್ ಊರಿನ ಬಾಗಿಲುಗಳಲ್ಲಿ ಒಳಗೆ ಹೊರಗೆ ಓಡಾಡಿ, ರಿವರ್‌ವುಡ್‌ವರೆಗೆ ನಡೆದು, ನದಿಗಿಳಿದು, ಔಷಧಿ ಕಲಸಿ ನೋಡುತ್ತೇನೆ. ಸರಿಯಿದ್ದರೆ ಆ ಪಾತ್ರವನ್ನು ಅಳಿಸಿ ಗಾಳೆಮ್ಮನನ್ನು ಶುರು ಮಾಡುವುದು. ಅಲ್ಲಿಂದಾಚೆಗೆ ಪಟ್ಟಿಗೆ ಬೀಗ. ಸ್ಕ್ರಿಪ್ಟ್ ಇರುವ ಮಾಡ್ ಅನ್ನು ನಡುವೆ ತೆಗೆದರೆ ಅದರ ಕುರುಹು ಸೇವ್ ಕಡತದಲ್ಲಿ ಉಳಿದು ಮುಂದೆ ಕಾಡುತ್ತದೆ.

ವೈಟ್‌ರನ್‌ನಲ್ಲಿ ಒಣಗಿ ನಿಂತ ಗಿಲ್ಡರ್‌ಗ್ರೀನ್ ಮರವಿದೆ. ಅದನ್ನು ಉಳಿಸಲು ಎಲ್ಡರ್‌ಗ್ಲೀಮ್ ಎಂಬ ಹಳೆಯ ತಾಯಿಮರವನ್ನು ಕೊಯ್ದು ರಸ ತರಬೇಕೆಂದು ಡ್ಯಾನಿಕಾ ಎಂಬ ಅರ್ಚಕಿ ಕೇಳುತ್ತಾಳೆ. ಇನ್ನೊಂದು ದಾರಿಯೂ ಇದೆ: ಮೌರಿಸ್ ಎಂಬ ಯಾತ್ರಿಕನನ್ನು ಕರೆದುಕೊಂಡು ಹೋದರೆ ಅವನ ಪ್ರಾರ್ಥನೆಗೆ ಒಂದು ಸಸಿ ಸಿಗುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಹಿಂದಿನ ಪಾತ್ರಗಳಲ್ಲಿ ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು. ಗಾಳೆಮ್ಮನ ಸರದಿ ಬಂದಾಗ ನಾನು ಯೋಚಿಸಲೇ ಇಲ್ಲ, ಸಸಿ ಹಿಡಿದು ಹಿಂದಿರುಗಿದೆ. ಪಾತ್ರ ತಾನಾಗಿ ನಡೆದದ್ದು ನನಗೆ ಗೊತ್ತಾದದ್ದು ಆಗಲೇ.

ಡ್ರಾಗನ್‌ಗಳು ಇನ್ನೂ ಬಂದಿಲ್ಲ. ಮುಖ್ಯ ಕತೆಯನ್ನು ಮುಟ್ಟಿ ವೈಟ್‌ರನ್‌ನ ಕಾವಲುಗೋಪುರದ ಕಾಳಗ ನಡೆಯುವವರೆಗೆ ಅವು ಆಕಾಶದಲ್ಲಿ ಸುಳಿಯುವುದಿಲ್ಲ, ಗಾಳೆಮ್ಮ ಹೆಲ್ಗೆನ್ ಕಡೆ ಹೋಗೇ ಇಲ್ಲ. ಇಲ್ಯೂಷನ್ 90 ಮುಟ್ಟಿದರೆ ಮಾಸ್ಟರ್ ಆಫ್ ದ ಮೈಂಡ್ ಪರ್ಕ್ ಸಿಗುತ್ತದೆ, ಆಗ ಡ್ರಾಗರ್‌ಗಳನ್ನೂ ಶಾಂತಗೊಳಿಸಬಹುದು. ಅಲ್ಲಿಯವರೆಗೆ ಚಳಿಯ ಉಸಿರನ್ನು ತಡೆಯುವ ಔಷಧಿಗೆಂದು ನೇರಳೆ ಬೆಟ್ಟದ ಹೂ ಮತ್ತು ಹಿಮಹಣ್ಣುಗಳನ್ನು ಕೂಡಿಡುತ್ತಿದ್ದೇನೆ. ಚೀಲ ಆಗಲೇ ಭಾರವಾಗಿದೆ, ಮುಂದಿನ ಲೆವೆಲ್‌ನ 10 ಅಂಕ ದಮ್ಮಿಗೇ ಹೋಗುತ್ತದೆ.